ಕೋಪಾ ಕ್ಲಾಸಿನ ಮೇಷ್ಟ್ರ ಕೋಪ

ಐಟಿಐಗಳಲ್ಲಿ ‘ಕೋಪಾ’ ಅಂತ ಒಂದು ಟ್ರೇಡ್ ಇದೆ. ಕೋಪಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ. ಕಂಪ್ಯೂಟರ್ ಆಪರೇಟರ್ ಅಂಡ್ ಪ್ರೋಗ್ರಾಮಿಂಗ್ ಅಸಿಸ್ಟೆಂಟ್ ಅನ್ನುವ ರೈಲಿನಷ್ಟುದ್ದದ ಹೆಸರನ್ನು ಮೊದಲಕ್ಷರಗಳಿಗೆ ಇಳಿಸಿದರೆ ಕೊನೆಗೆ ಉಳಿಯೋದು ಕೋಪಾ. ಹತ್ತನೇ ಕ್ಲಾಸ್ ಪಾಸಾದವರು ಸೇರಬಹುದು, ಒಂದು ವರ್ಷದ ಕೋರ್ಸು, ಒಂದು ಬ್ಯಾಚಿಗೆ 24 ಜನ. ಅಂಥದ್ದೊಂದು ಬ್ಯಾಚಿಗೆ ನಾನು ವರ್ಷ ಪೂರ್ತಿ ಶನಿವಾರದ ಮೇಷ್ಟ್ರಾಗಿದ್ದೆ. ಸೇರಿದ ಒಂದೇ ತಿಂಗಳಲ್ಲಿ ಟ್ರೇಡಿನ ಹೆಸರನ್ನು ಸಾರ್ಥಕ ಮಾಡಿದೆ. ಆ ಕಥೆ ಇದು. ಬರೀಬೇಕು ಅಂದ್ಕೊಂಡು ಎರಡು ಸಲ ಅರ್ಧ ಟೈಪ್ ಮಾಡಿ ಬಿಟ್ಟಿದ್ದೆ. ಯಾಕೆ ಬಿಟ್ಟಿದ್ದೆ ಅನ್ನೋದು ಓದ್ತಾ ಓದ್ತಾ ನಿಮಗೇ ಗೊತ್ತಾಗುತ್ತೆ.

ನಮ್ಮೂರು ಬೆಟ್ಟದಪುರ. ಪಿರಿಯಾಪಟ್ಟಣ ತಾಲ್ಲೂಕಿನ ಹೋಬಳಿ ಊರು. ಊರಿನ ನೆತ್ತಿಗೇ ಬೆಟ್ಟ, ಬೆಟ್ಟದ ನೆತ್ತಿಗೆ ಸಿಡಿಲು ಮಲ್ಲಿಕಾರ್ಜುನ. ಮೂರು ಸಾವಿರಕ್ಕೂ ಮೇಲೆ ಮೆಟ್ಟಿಲಿವೆ, ಹತ್ತಿದವರು ಯಾರೂ ಲೆಕ್ಕ ತಪ್ಪದೆ ಎಣಿಸಿದ್ದನ್ನು ನಾನು ಕಂಡಿಲ್ಲ. ಕೆಲಸ ಬೆಂಗಳೂರಿನಲ್ಲಿ, ಸಾಫ್ಟ್‌ವೇರು. ಕೋವಿಡ್ ಕಾಲದಲ್ಲಿ ಎಲ್ಲರ ಹಾಗೆ ಲ್ಯಾಪ್‌ಟಾಪ್ ಹಿಡ್ಕೊಂಡು ಊರಿಗೆ ಬಂದವನು, ಆಮೇಲೆ ಆಫೀಸು ವಾರಕ್ಕೆ ಮೂರು ದಿನ ಅಂತ ಆದ ಮೇಲೂ ಗುರುವಾರ ರಾತ್ರಿ ಬಸ್ ಹತ್ತಿ ಊರಿಗೆ ಬರೋ ಅಭ್ಯಾಸ ಉಳಿಸಿಕೊಂಡೆ.

2023ರ ಆಗಸ್ಟಿನಲ್ಲಿ ಅಪ್ಪನ ಪರಿಚಯದವರೊಬ್ಬರು ಮನೆಗೆ ಬಂದ್ರು. ತಾಲ್ಲೂಕಿನ ಒಂದು ಐಟಿಐನಲ್ಲಿ ಫಿಟ್ಟರ್ ಟ್ರೇಡಿಗೆ ಇನ್‌ಸ್ಟ್ರಕ್ಟರು. (ಐಟಿಐ ಯಾವುದು ಅಂತ ಹೇಳಲ್ಲ. ಇಲ್ಲಿ ತಪ್ಪು ಮಾಡಿದವನು ನಾನು, ಅವರ ಹೆಸರು ಯಾಕೆ.) ಕೋಪಾ ಹುಡುಗರಿಗೆ ಶನಿವಾರ ಶನಿವಾರ ಪ್ರೋಗ್ರಾಮಿಂಗ್ ಹೇಳಿಕೊಡೋಕೆ ಯಾರಾದ್ರೂ ಬೇಕಿತ್ತಂತೆ. "ನಮ್ಮೂರ ಹುಡುಗ್ರು ಕಣಪ್ಪ, ನಿನ್ನಂಥೋನು ಎದುರಿಗೆ ನಿಂತ್ರೆ ಸಾಕು, ಅರ್ಧ ಕಲ್ತಂಗೆ" ಅಂದ್ರು. ಈ ಮಾತಿಗೆ ಬೀಳದೆ ಇರೋ ಇಂಜಿನಿಯರ್ ಇನ್ನೂ ಹುಟ್ಟಿಲ್ಲ. ಒಪ್ಪಿಕೊಂಡೆ.

*

ಮೊದಲ ಶನಿವಾರ ನಲವತ್ತು ಸ್ಲೈಡ್ ಮಾಡ್ಕೊಂಡು ಹೋದೆ. ಮೂರನೇ ಸ್ಲೈಡಿಗೆ ಕರೆಂಟ್ ಹೋಯ್ತು. ಇಡೀ ಕ್ಲಾಸು ಚಪ್ಪಾಳೆ ತಟ್ಟಿತು.

ಎರಡನೇ ವಾರದ ಹೊತ್ತಿಗೆ ಕ್ಲಾಸನ್ನು ಮನಸ್ಸಿನಲ್ಲೇ ಗುಂಪು ಮಾಡಿಕೊಂಡಿದ್ದೆ. ಬೆಂಚಿನ ಕೆಳಗೆ ಮೊಬೈಲ್ ಇಟ್ಟುಕೊಂಡವರು ಒಂದು ಗುಂಪು. ನಾನು ಏನೇ ಅಂದ್ರೂ ಅದಕ್ಕೊಂದು ಬಾಲ ಸೇರಿಸೋ ಕಾಮೆಂಟ್ ಗುಂಪು ಇನ್ನೊಂದು. ("ಇದನ್ನ ಲೂಪ್ ಅಂತೀವಿ" ಅಂದ್ರೆ "ಸಾ, ಕುಣಿಕೆ ಅನ್ನಿ ಸಾ".) ಮುಂದಿನ ಸಾಲಿನ ಏಳು ಹುಡುಗಿಯರು ನಾನು ಹೇಳಿದ್ದನ್ನೆಲ್ಲಾ ಬರ್ಕೊಳ್ತಿದ್ರು, ಕೆಮ್ಮಿದ್ರೆ ಅದನ್ನೂ ಬರ್ಕೊಳ್ತಾರೇನೋ ಅನ್ನೋ ಹಾಗೆ. ಆದರೆ ಒಂದು ಪ್ರಶ್ನೆ ಕೇಳಿದ್ರೆ ನೆಲ ನೋಡ್ತಿದ್ರು. ಇವರೆಲ್ಲರ ಜೊತೆ ಹದಿನೇಳು.

ಹದಿನೇಳು ಅಂದ್ರೆ ರೋಲ್ ನಂಬರು. ಹೆಸರು ಆಗ ನನಗೆ ಗೊತ್ತಿರಲಿಲ್ಲ. ಕೊನೇ ಬೆಂಚಿನ ಗೋಡೆ ಪಕ್ಕದ ಹುಡುಗ. ಹಾಜರಿ ಕೂಗಿದಾಗ "ಎಸ್ಸಾ" ಅಂದು, ಐದು ನಿಮಿಷಕ್ಕೆ ತಲೆ ಬೆಂಚಿಗೆ. ಕದ್ದು ಮುಚ್ಚಿ ತೂಕಡಿಸೋದಲ್ಲ, ಮನೆಯಲ್ಲಿ ಚಾಪೆ ಹಾಸಿ ಮಲಗಿದ ಹಾಗೆ ಧಾರಾಳ ನಿದ್ದೆ.

ನನ್ನ ಹತ್ತಿರ ಇದ್ದ ಅಸ್ತ್ರಗಳು ಅಂದ್ರೆ ನಮಗೆ ನಮ್ಮ ಮೇಷ್ಟ್ರುಗಳು ಪ್ರಯೋಗಿಸಿದ್ದೇ. ಒಂದು ವಾರ ಜೋಕ್ ಹೇಳಿದೆ, ನಕ್ಕರು, ಪಾಠ ಶುರು ಮಾಡಿದ ಕೂಡಲೇ ನಗು ನಿಂತಿತು. ಮುಂದಿನ ವಾರ ಜಾಗ ಬದಲಾಯಿಸಿ ಕೂರಿಸಿದೆ, ಗಲಾಟೆ ಒಂದು ಮೂಲೆಯಿಂದ ನಾಲ್ಕು ಮೂಲೆಗೂ ಹಂಚಿ ಹೋಯ್ತು. ಅದರ ಮುಂದಿನ ವಾರ ಮೊಬೈಲ್‌ಗಳನ್ನೆಲ್ಲಾ ಒಂದು ರಟ್ಟಿನ ಡಬ್ಬಿಗೆ ಹಾಕಿಸಿ ಮೇಜಿನ ಮೇಲಿಟ್ಟೆ, ಗಂಟೆ ಪೂರ್ತಿ ಆ ಡಬ್ಬಿ ಜೇನುಗೂಡಿನ ಹಾಗೆ ಗುಂಯ್ ಗುಂಯ್ ಅಂತಿತ್ತು. ಒಂದು ಪ್ರೋಗ್ರಾಮನ್ನು ಇಪ್ಪತ್ತು ಸಲ ಬರ್ಕೊಂಡು ಬನ್ನಿ ಅಂತ ಶಿಕ್ಷೆ ಕೊಟ್ಟೆ. ಬರ್ಕೊಂಡು ಬಂದ್ರು. ಒಂದೇ ತಪ್ಪು ಇಪ್ಪತ್ತು ಸಲ.

ಇಲ್ಲೊಂದು ವಿಷಯ ಒಪ್ಪಿಕೊಳ್ಳಬೇಕು. ಆಫೀಸಿನಲ್ಲಿ ಹತ್ತು ಜನರ ಮೀಟಿಂಗ್ ಇದ್ರೆ ಎಂಟು ಜನ ಮ್ಯೂಟ್ ಮಾಡಿಕೊಂಡು ಬೇರೇನೋ ಮಾಡ್ತಿರ್ತಾರೆ. ಆ ಎಂಟರಲ್ಲಿ ನಾನೂ ಒಬ್ಬ. ನಾನು ಮಾತಾಡುವಾಗ ಉಳಿದವರೂ ಹಾಗೇ ಮಾಡ್ತಾರೆ, ನನಗೇನೂ ಬೇಜಾರಾಗಲ್ಲ. ಆದರೆ ಇಲ್ಲಿ, ನಮ್ಮೂರಿನ ಹದಿನಾರು ಹದಿನೇಳು ವರ್ಷದ ಹುಡುಗರು ಕೇಳಿಸಿಕೊಳ್ಳದೆ ಇದ್ರೆ ಮೈಯೆಲ್ಲಾ ಉರಿಯುತ್ತಿತ್ತು. ವಾರದ ರಜೆ ಬಿಟ್ಟು ಬಂದಿದ್ದೀನಿ, ಕೆಲಸದಲ್ಲಿದ್ದೀನಿ, ನನ್ನ ಮಾತಿಗೆ ಬೆಲೆ ಇಲ್ವಾ ಅಂತ. ಅಂದ್ರೆ ನನಗೆ ಚಿಂತೆ ಇದ್ದದ್ದು ಅವರು ಕಲೀತಿಲ್ಲ ಅಂತ ಅಲ್ಲ. ನನ್ನನ್ನು ಲೆಕ್ಕಕ್ಕೆ ಇಡ್ತಿಲ್ಲ ಅಂತ.

*

ಐದನೇ ಶನಿವಾರ. ಹಿಂದಿನ ರಾತ್ರಿ ಆಫೀಸಿನ ಕೆಲಸ ಮುಗಿಸಿ ಮಲಗಿದಾಗ ಎರಡು ಗಂಟೆ. ಬೆಳಿಗ್ಗೆ ತಲೆ ಸಿಡೀತಿತ್ತು. ‘ಇಫ್’ ಮತ್ತು ‘ಎಲ್ಸ್’ ವಿವರಿಸ್ತಾ ಇದ್ದೆ. ಇಡೀ ಕ್ಲಾಸು ಒಂದು ಥರ ಸುಮ್ಮನಿತ್ತು, ಅಪರೂಪಕ್ಕೆ. ಆ ಮೌನದಲ್ಲಿ ಹಿಂದಿನಿಂದ ಗೊರಕೆ ಕೇಳಿಸ್ತು. ಕಾಮೆಂಟ್ ಗುಂಪು ಕಿಸಕ್ ಅಂತು.

ಹೋಗಿ ಬೆಂಚು ಗುದ್ದಿದೆ. ಹದಿನೇಳು ಗಡಬಡಿಸಿ ಎದ್ದ. ಕಣ್ಣು ಕೆಂಪಗಿತ್ತು. ನಾನು ಅಂದದ್ದನ್ನು ಹಾಗೇ ಬರೀತೀನಿ, ಯಾಕಂದ್ರೆ ಸ್ವಲ್ಪ ಮೆತ್ತಗೆ ಮಾಡಿ ಬರೆದರೆ ಈ ಬರಹಕ್ಕೆ ಅರ್ಥವೇ ಇಲ್ಲ.

"ನಿದ್ದೆ ಮಾಡೋಕೆ ಇಲ್ಲೀತಂಕ ಯಾಕೋ ಬರ್ತೀಯಾ? ನಿಂಗೆ ಯಾಕೆ ಬೇಕು ಕಂಪ್ಯೂಟರ್ರು? ಹೋಗು, ಮನೇಲಿ ಕೂತ್ಕೊಂಡು ಹೊಗೆಸೊಪ್ಪು ಕಟ್ಟು ಹೋಗು. ಅದಕ್ಕೇ ಲಾಯಕ್ಕು."

ಅವನು ನನ್ನ ಮುಖ ನೋಡಿದ. ಬ್ಯಾಗ್ ತಗೊಂಡ. "ಆಯ್ತು ಸಾ" ಅಂದ. ಹೋದ. ನಾನು ಹಾಜರಿ ಪುಸ್ತಕ ತೆಗೆದು, ಮುಂಚೆ ಹಾಕಿದ್ದ ‘ಹಾಜರ್’ ತಿದ್ದಿ ‘ಗೈರು’ ಮಾಡಿದೆ.

ಆಮೇಲೆ ಕ್ಲಾಸು ಸೂಜಿ ಬಿದ್ದರೂ ಕೇಳಿಸೋ ಹಾಗಾಯ್ತು. ಒಂದು ಕಾಮೆಂಟಿಲ್ಲ, ಒಂದು ಮೊಬೈಲಿಲ್ಲ. ಅಬ್ಬಾ, ಕೊನೆಗೂ ಹಿಡಿತಕ್ಕೆ ಬಂತು ಅಂದ್ಕೊಂಡೆ. ಮನೆಗೆ ಹೋಗಿ ಅಮ್ಮನ ಹತ್ತಿರ ಹೇಳಿಕೊಂಡೆ ಕೂಡ.

ಮುಂದಿನ ಶನಿವಾರ ಹದಿನೇಳು ಬಂದಿರಲಿಲ್ಲ. ಅವನ ಬೆಂಚಿನ ಇನ್ನಿಬ್ಬರೂ ಇರಲಿಲ್ಲ. ಉಳಿದವರು ಸುಮ್ಮನೆ ಕೂತಿದ್ರು, ಮುಂದಿನ ಸಾಲಿನ ಹುಡುಗಿಯರು ಬರ್ಕೊಳ್ಳೋದನ್ನೂ ನಿಲ್ಲಿಸಿದ್ರು. ಪ್ರಶ್ನೆ ಕೇಳಿದ್ರೆ ಉತ್ತರ ಇಲ್ಲ, ತಪ್ಪು ಉತ್ತರವೂ ಇಲ್ಲ.

ಮಧ್ಯಾಹ್ನ ಟೀ ಕುಡಿಯುವಾಗ ಫಿಟ್ಟರ್ ಮೇಷ್ಟ್ರಿಗೆ ಹೇಳಿದೆ. ಅವರಿಗೆ ಆಗಲೇ ಗೊತ್ತಿತ್ತು. ಗೋಡೆಗೂ ಕಿವಿ ಇರೋ ಜಾಗ ಅದು. ಅವರು ನನ್ನನ್ನು ತಮ್ಮ ವರ್ಕ್‌ಶಾಪಿಗೆ ಕರ್ಕೊಂಡು ಹೋದ್ರು. ಇಪ್ಪತ್ತು ಹುಡುಗರು ವೈಸ್‌ಗೆ ಕಬ್ಬಿಣದ ತುಂಡು ಕಚ್ಚಿಸಿ ಅರ ಹಾಕಿ ಉಜ್ಜುತ್ತಾ ಇದ್ರು. ಆಗಾಗ ಮೂಲೆಮಟ್ಟ ಇಟ್ಟು, ಬೆಳಕಿಗೆ ಹಿಡಿದು, ಎಲ್ಲಿ ಸಂದಿ ಕಾಣುತ್ತೆ ಅಂತ ನೋಡಿ ಮತ್ತೆ ಉಜ್ಜೋದು. ಮೇಷ್ಟ್ರು ಅರ್ಧ ಗಂಟೆಯಿಂದ ಅಲ್ಲಿರಲೇ ಇಲ್ಲ, ನನ್ನ ಜೊತೆ ಟೀ ಕುಡೀತಿದ್ರು. ಆದರೂ ಕೆಲಸ ನಡೀತಿತ್ತು.

"ನೋಡಪ್ಪ, ಇವ್ರೇನು ದೇವ್ರಂಥೋರಲ್ಲ. ಥಿಯರಿ ಕ್ಲಾಸಲ್ಲಿ ನಿಮ್ಮೋರ್ಗಿಂತ ಜಾಸ್ತಿ ಕಿತಾಪತಿ ಮಾಡ್ತಾರೆ. ಕೈಗೆ ಕೆಲ್ಸ ಕೊಟ್ರೆ ಬಾಯಿ ತಾನಾಗೇ ಮುಚ್ಕತದೆ. ನೀನು ಕೊಟ್ಟಿದ್ದು ಕೈಗಲ್ಲ, ಕಿವಿಗೆ."

ಸ್ವಲ್ಪ ಹೊತ್ತು ಬಿಟ್ಟು, "ಆ ಹುಡ್ಗ ವಾರದಿಂದ ಯಾವ ಕ್ಲಾಸಿಗೂ ಬಂದಿಲ್ಲ. ಶೇಕಡಾ 80 ಹಾಜರಿ ಇಲ್ದೆ ಪರೀಕ್ಷೆಗೆ ಕೂರಂಗಿಲ್ಲ. ಹಿಂಗೇ ಉಳ್ಕಂಡ್ರೆ ಹೆಸ್ರೇ ಹೋಗ್ಬುಡ್ತದೆ. ಅವರಪ್ಪಂಗೆ ಬೆನ್ನು ಏಟಾಗಿ ಮಲಗವ್ನೆ. ಬ್ಯಾರನ್ ಬೆಂಕಿ ಇವ್ನೇ ನೋಡ್ಕೋಬೇಕು. ರಾತ್ರಿಯೆಲ್ಲಾ."

*

ನಮ್ಮ ಕಡೆಯವರಲ್ಲದವರಿಗೆ ಇಲ್ಲಿ ಸ್ವಲ್ಪ ಹೇಳಬೇಕು. ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ ಕಡೆ ಮಳೆಗಾಲದ ದುಡ್ಡು ಅಂದ್ರೆ ಹೊಗೆಸೊಪ್ಪು, ವರ್ಜೀನಿಯಾ ತಂಬಾಕು. ಹುಣಸೂರಿನಲ್ಲಿ ಅದಕ್ಕೊಂದು ಸಂಶೋಧನಾ ಕೇಂದ್ರ ಇದೆ, ಕಂಪಲಾಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ. ಅದು ಒಳ್ಳೇ ಬೆಳೆಯೋ ಕೆಟ್ಟ ಬೆಳೆಯೋ ಅನ್ನೋದು ಬೇರೆ ಚರ್ಚೆ. ಅದನ್ನು ಬೆಳೆದು ಮಕ್ಕಳನ್ನು ಓದಿಸೋ ಮನೆಗಳು ಸಾವಿರಾರು ಅನ್ನೋದು ಮಾತ್ರ ನಿಜ. ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ ಅನ್ನೋ ಎತ್ತರದ ಮನೆಯೊಳಗೆ ಸಾಲು ಸಾಲಾಗಿ ನೇತು ಹಾಕಿ, ಹೊರಗಿನಿಂದ ಕಟ್ಟಿಗೆ ಉರಿಸ್ತಾರೆ. ಹೊಗೆ ಒಳಗೆ ಬರಲ್ಲ, ಕಬ್ಬಿಣದ ಕೊಳವೆಗಳಲ್ಲಿ ಹರಿದು ಹೋಗುತ್ತೆ, ಅದರ ಕಾವಿಗೆ ಸೊಪ್ಪು ಬೇಯುತ್ತೆ. ಒಂದು ಸಲ ತುಂಬಿದ್ರೆ ಐದಾರು ದಿನ ಹಗಲೂ ರಾತ್ರಿ ಉರಿ ಆರುವ ಹಾಗಿಲ್ಲ, ಏರುವ ಹಾಗೂ ಇಲ್ಲ. ಇಳಿಸಿದ ಮೇಲೆ ಮತ್ತೆ ತುಂಬೋದು.

ನಾನು ಇದೇ ಊರಿನವನು. ನಮ್ಮದು ಅಂಗಡಿ ಮನೆ, ಹೊಗೆಸೊಪ್ಪಿಲ್ಲ. ಆದರೆ ಆಗಸ್ಟಿನಿಂದ ಸೊಪ್ಪು ಬೇಯೋ ವಾಸನೆ ಇಡೀ ಹೋಬಳಿಗೆ ಹರಡಿರುತ್ತೆ. ಆ ಐದೂ ಶನಿವಾರ ಅದೇ ವಾಸನೆ ಕುಡ್ಕೊಂಡು ಬೈಕಿನಲ್ಲಿ ಹೋಗಿದ್ದೆ. ಮೂಗಿಗೆ ಬಂದದ್ದು ತಲೆಗೆ ಬರಲಿಲ್ಲ. ಆ ಕ್ಲಾಸಿನಲ್ಲಿ ಹೊಗೆಸೊಪ್ಪಿನ ಮನೆಯಿಂದ ಬಂದವರು ಅರ್ಧಕ್ಕಿಂತ ಜಾಸ್ತಿ. ಅಂದ್ರೆ ನಾನು ಒಬ್ಬನಿಗೆ ಬೈದೆ ಅಂದ್ಕೊಂಡದ್ದು ಅರ್ಧ ಕ್ಲಾಸಿನ ಅಪ್ಪ ಅಮ್ಮಂದಿರಿಗೆ ಬೈದದ್ದು. ಅದನ್ನೇ ಹಿಡಿತಕ್ಕೆ ಬಂತು ಅಂತ ತಿಳ್ಕೊಂಡಿದ್ದೆ!

ಅವತ್ತು ಸಂಜೆ ವಿಳಾಸ ಕೇಳ್ಕೊಂಡು ಅವನ ಹಳ್ಳಿಗೆ ಹೋದೆ. ಮನೆ ಮುಂದೆ ಅವನ ಅವ್ವ, ಅತ್ತೆ, ಇನ್ನಿಬ್ಬರು ಹೆಂಗಸರು ಬಲ್ಬಿನ ಬೆಳಕಲ್ಲಿ ಸೊಪ್ಪು ಕಟ್ತಾ ಇದ್ರು. ಕೈಗಳೆಲ್ಲಾ ಅಂಟು, ಕಪ್ಪು. "ಮೇಷ್ಟ್ರು ಬಂದವ್ರೆ ಕಣ್ಲಾ" ಅಂತ ಕೂಗಿ, ಕೈ ತೊಳ್ಕೊಳ್ಳೋಕೆ ಎದ್ದರು. "ಏನಾರ ತಪ್ಪು ಮಾಡವ್ನಾ ಸಾ?" ಅಂದ್ರು. ಅವರಿಗೆ ಏನೂ ಗೊತ್ತಿರಲಿಲ್ಲ. ಅವನು ಮನೇಲಿ ಹೇಳೇ ಇರಲಿಲ್ಲ. "ಇಲ್ಲಮ್ಮ, ಸುಮ್ನೆ ಈ ಕಡೆ ಬಂದಿದ್ದೆ" ಅಂದೆ. ಗಂಟಲು ಒಣಗಿತ್ತು.

ಹದಿನೇಳು ಬ್ಯಾರನ್ನಿನ ಒಲೆ ಬಾಯಿ ಹತ್ತಿರ ಕೂತಿದ್ದ. ನನ್ನನ್ನು ನೋಡಿ ಎದ್ದು ನಿಂತ, ಮಾತಾಡಲಿಲ್ಲ. ನಾನೂ ಕಲ್ಲಿನ ಮೇಲೆ ಕೂತೆ. ಏನು ಮಾತಾಡೋದು ಗೊತ್ತಾಗದೆ "ಎಷ್ಟು ಡಿಗ್ರಿ ಇಡ್ಬೇಕು?" ಅಂತ ಕೇಳಿದೆ.

ಆ ಪ್ರಶ್ನೆಗೆ ಅವನು ಬಾಯಿ ಬಿಟ್ಟ. ಮೊದಲ ಎರಡು ದಿನ ಸೊಪ್ಪು ಹಳದಿ ತಿರುಗಬೇಕು, ತೊಂಬತ್ತು ತೊಂಬತ್ತೈದರಿಂದ ನೂರರ ಒಳಗೆ (ಇದು ಫ್ಯಾರನ್‌ಹೀಟ್ ಲೆಕ್ಕ). ಆತುರ ಮಾಡಿ ಕಾವು ಏರಿಸಿದ್ರೆ ಹಸಿರು ಹಾಗೇ ಒಣಗಿ ಕೂತುಬಿಡುತ್ತೆ, ಹರಾಜಿನಲ್ಲಿ ಬೆಲೆ ಇಲ್ಲ. ಆಮೇಲೆ ಮೆಲ್ಲಗೆ ಏರಿಸ್ತಾ ಎಲೆ ಒಣಗಿಸೋದು, ಗಾಳಿಕಿಂಡಿ ತೆಗೆದು ಒಳಗಿನ ತೇವ ಬಿಡೋದು. ಕೊನೆಗೆ ನಡುದಂಟು ಒಣಗೋಕೆ ನೂರೈವತ್ತು ದಾಟಿ ನೂರಅರವತ್ತರ ತನಕ. ಗಾಜಿನ ಕಿಂಡಿಗೆ ಟಾರ್ಚ್ ಬಿಟ್ಟು ಥರ್ಮಾಮೀಟರ್ ತೋರಿಸಿದ. ಒಳಗೆ ಎಲೆಗಳು ಚಿನ್ನದ ಬಣ್ಣಕ್ಕೆ ತಿರುಗ್ತಾ ಇದ್ವು. "ಗಂಟೆಗೊಂದ್ಸಲ ನೋಡ್ಬೇಕು ಸಾ. ಒಂದ್ ರಾತ್ರಿ ನಿದ್ದೆ ಹೋದ್ರೆ ಒಂದ್ ಬ್ಯಾರನ್ ಹೋಯ್ತು."

ಇಷ್ಟು ಆದರೆ ಹೀಗೆ ಮಾಡು, ಇಲ್ಲದಿದ್ರೆ ಹಾಗೆ ಮಾಡು. ನಾನು ಸ್ಲೈಡ್ ಹಾಕಿ ಹೇಳಿಕೊಡ್ತಾ ಇದ್ದ ‘ಇಫ್’ ‘ಎಲ್ಸ್’ ಅನ್ನು ಈ ಹುಡುಗ ರಾತ್ರಿಯೆಲ್ಲಾ ಎದ್ದು ಕೂತು ಮಾಡ್ತಿದ್ದ.

ಹೊರಡುವಾಗ ಹೇಳಿದೆ. "ಅವತ್ತು ನಾನು ಹಾಗೆ ಅನ್ನಬಾರದಿತ್ತು. ತಪ್ಪಾಯ್ತು. ಸೋಮವಾರದಿಂದ ಬಾ."

ಅವನು ಒಂದು ಕಟ್ಟಿಗೆಯನ್ನು ಒಳಗೆ ತಳ್ಳಿದ. ಆಮೇಲೆ ನೆಲ ನೋಡ್ಕೊಂಡೇ ಕೇಳಿದ, "ಇದನ್ನ ಕ್ಲಾಸಲ್ಲಿ ಹೇಳ್ತೀರಾ ಸಾ?"

ಉತ್ತರ ಕೊಡಲಿಲ್ಲ ನಾನು. ಬೈಕ್ ಹತ್ತಿ ಬಂದುಬಿಟ್ಟೆ.

*

ಆ ವಾರ ಬೆಂಗಳೂರಿನಲ್ಲಿ ಅದೇ ತಲೆಯಲ್ಲಿ. ಮೊದಲಿಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಮನೆ ತನಕ ಹೋಗಿ ತಪ್ಪಾಯ್ತು ಅಂದ್ರೂ ಸಾಲದಾ ಇವನಿಗೆ ಅಂತ. ಆಮೇಲೆ ನಿಧಾನವಾಗಿ ಅರ್ಥ ಆಯ್ತು. ಬೈದದ್ದು ಇಪ್ಪತ್ತಮೂರು ಜನರ ಎದುರು, ತಪ್ಪಾಯ್ತು ಅಂದದ್ದು ಕತ್ತಲಲ್ಲಿ ಒಬ್ಬನ ಎದುರು. ಲೆಕ್ಕ ಸರಿ ಹೋಗಲಿಲ್ಲ.

ಅದೇ ವಾರ ಇಂಟರ್‌ನೆಟ್ಟಿನಲ್ಲಿ ಹುಡುಕ್ತಾ ಜೇಕಬ್ ಕೌನಿನ್ ಅನ್ನೋರ ವಿಷಯ ಸಿಕ್ಕಿತು. ಅಮೆರಿಕದ ಮನಶ್ಶಾಸ್ತ್ರಜ್ಞ. ತಾನು ಪಾಠ ಮಾಡ್ತಿದ್ದಾಗ ಪೇಪರ್ ಓದುತ್ತಾ ಕೂತಿದ್ದ ಒಬ್ಬ ವಿದ್ಯಾರ್ಥಿಯನ್ನು ಗದರಿದನಂತೆ. ಗದರಿಸಿಕೊಂಡವನಿರಲಿ, ತಪ್ಪು ಮಾಡದೆ ಕೂತಿದ್ದ ಉಳಿದವರೆಲ್ಲಾ ಬಿಗಿದುಕೊಂಡರು. ಕೊಳಕ್ಕೆ ಕಲ್ಲು ಹಾಕಿದಾಗ ಅಲೆ ಹರಡುವ ಹಾಗೆ. ಆ ಅಲೆಯ ಬೆನ್ನು ಹತ್ತಿ ವರ್ಷಗಟ್ಟಲೆ ಕ್ಲಾಸುಗಳನ್ನು ನೋಡಿ, ವಿಡಿಯೋ ಮಾಡಿಸಿ ನೋಡಿ, 1970ರಲ್ಲಿ ಪುಸ್ತಕ ಬರೆದ. ಅವನಿಗೆ ಕಂಡದ್ದು ಇಷ್ಟು: ತಪ್ಪು ನಡೆದ ಮೇಲೆ ಮೇಷ್ಟ್ರು ಹೇಗೆ ಗದರಿಸ್ತಾರೆ ಅನ್ನೋದರಿಂದ ಕ್ಲಾಸು ನೆಟ್ಟಗಾಗೋದಿಲ್ಲ. ಒಳ್ಳೇ ಕ್ಲಾಸಿಗೂ ಕೆಟ್ಟ ಕ್ಲಾಸಿಗೂ ವ್ಯತ್ಯಾಸ ಇರೋದು ತಪ್ಪು ನಡೆಯೋದಕ್ಕೆ ಮುಂಚೆ ಮೇಷ್ಟ್ರು ಏನು ಮಾಡ್ತಿರ್ತಾರೆ ಅನ್ನೋದರಲ್ಲಿ. ಬೆನ್ನಿಗೂ ಕಣ್ಣಿದೆ ಅನ್ನೋ ಹಾಗೆ ಎಲ್ಲರ ಮೇಲೂ ಗಮನ ಇಡೋದು, ಪಾಠದ ಓಟ ನಿಲ್ಲದ ಹಾಗೆ ನೋಡ್ಕೊಳ್ಳೋದು, ಕೈಗೆ ಕೆಲಸ ಇರುವ ಹಾಗೆ ನೋಡ್ಕೊಳ್ಳೋದು. ಟೀ ಕುಡೀತಾ ಫಿಟ್ಟರ್ ಮೇಷ್ಟ್ರು ಹೇಳಿದ್ದೂ ಹೆಚ್ಚು ಕಡಿಮೆ ಇದೇ. ಅವರು ಪುಸ್ತಕ ಬರೆದಿಲ್ಲ ಅಷ್ಟೇ.

ಮುಂದಿನ ಶನಿವಾರ ಹೋದೆ. ಹದಿನೇಳು ಬಂದಿರಲಿಲ್ಲ. ಬಂದ ಮೇಲೆ ಹೇಳೋಣ ಅಂತ ಒಂದು ಮನಸ್ಸು ಹೇಳ್ತು. ಆ ಮನಸ್ಸಿಗೆ ಯಾವಾಗಲೂ ಒಂದು ನೆಪ ಸಿಗುತ್ತೆ. ಹಾಜರಿ ಕೂಗೋದಕ್ಕೂ ಮುಂಚೆ ಹೇಳಿಬಿಟ್ಟೆ.

"ಎರಡು ವಾರದ ಹಿಂದೆ ಇಲ್ಲಿ ನಾನೊಂದು ಮಾತು ಆಡಿದೆ. ಒಬ್ಬನಿಗೆ ಅಂದೆ, ನಿಮ್ಮೆಲ್ಲರ ಮನೆಗೂ ತಾಗುವ ಹಾಗೆ ಅಂದೆ. ಅದು ತಪ್ಪು. ಅವನು ರಾತ್ರಿ ಪೂರ್ತಿ ಎದ್ದಿದ್ದು ಬೆಳಿಗ್ಗೆ ಕ್ಲಾಸಿಗೆ ಬಂದಿದ್ದ. ನಾನಾಗಿದ್ರೆ ಬರ್ತಿರಲಿಲ್ಲ. ಕ್ಷಮಿಸಿ."

ಯಾರೂ ಏನೂ ಅನ್ನಲಿಲ್ಲ. ಸಿನಿಮಾದ ಹಾಗೆ ಚಪ್ಪಾಳೆ ಗಿಪ್ಪಾಳೆ ಇಲ್ಲ. ಕಾಮೆಂಟ್ ಗುಂಪಿನಿಂದ ಒಂದು ದನಿ ಬಂತು, "ಸಾ, ಹಂಗಾರೆ ಆ ಆಬ್ಸೆಂಟು?" ಮೊದಲ ಸಲ ಆ ಗುಂಪಿನಿಂದ ಒಂದು ಒಳ್ಳೇ ಪ್ರಶ್ನೆ! ಹೋಗಿ ಹಾಜರಿ ತಿದ್ದಬೇಕು ಅಂದೆ. ತಿದ್ದಿದ ಕಡೆ ಕಾರಣ ಬರೆದು ಸಹಿ ಹಾಕಬೇಕು ಅಂದ್ರು. ‘ನನ್ನ ತಪ್ಪಿನಿಂದ’ ಅಂತ ಬರೆದು ಸಹಿ ಹಾಕಿದೆ. ಮುಂದಿನ ಸಾಲಿನ ಒಬ್ಬ ಹುಡುಗಿ, ಅಲ್ಲೀತನಕ ದನಿಯೇ ಕೇಳಿಸಿರದವಳು, ಹೊರಗೆ ಹೋಗುವಾಗ ಕೇಳಿದಳು. "ಸರ್, ನೀವು ಹೇಳಿದ್ದನ್ನ ಅವ್ನಿಗೆ ಹೇಳ್ಬೋದಾ? ನಮ್ಮೂರಿಂದ ಮುಂದಿನ ಸ್ಟಾಪು ಅವ್ರದು."

ಮುಂದಿನ ಶನಿವಾರ ಅವನು ಬಂದ. ಕೊನೇ ಬೆಂಚು. "ಎಸ್ಸಾ" ಅಂದ. ಅರ್ಧ ಗಂಟೆ ಎಚ್ಚರ ಇದ್ದ. ಆಮೇಲೆ ಮಲಗಿದ :-)

*

ಅಲ್ಲಿಂದ ಮುಂದೆ ಪವಾಡ ಏನೂ ನಡೆಯಲಿಲ್ಲ. ನಾನು ಕೆಲವು ಬದಲಾವಣೆ ಮಾಡಿಕೊಂಡೆ, ಕೆಲವು ಉಳಿದವು, ಕೆಲವು ಬಿದ್ದು ಹೋದವು. ನಿಮ್ಮಲ್ಲಿ ಪಾಠ ಮಾಡೋರು ಯಾರಾದ್ರೂ ಇದ್ರೆ ಉಪಯೋಗಕ್ಕೆ ಬಂದೀತು ಅಂತ ಬರೀತಿದ್ದೀನಿ.

ಸ್ಲೈಡ್ ಬಿಟ್ಟೆ. ಹತ್ತು ನಿಮಿಷ ಮೀರಿ ಒಬ್ಬನೇ ಮಾತಾಡೋದು ಬಿಟ್ಟೆ. ಲ್ಯಾಬಿನಲ್ಲಿ ಓಡ್ತಾ ಇದ್ದ ಕಂಪ್ಯೂಟರ್ ಎಂಟು, ಜನ ಇಪ್ಪತ್ತನಾಲ್ಕು, ಅಂದ್ರೆ ಒಂದಕ್ಕೆ ಮೂವರು. ಒಬ್ಬ ಟೈಪ್ ಮಾಡೋದು, ಒಬ್ಬ ಹೇಳೋದು, ಒಬ್ಬ ಕಾಗದದಲ್ಲಿ ಬರೆಯೋದು, ಹದಿನೈದು ನಿಮಿಷಕ್ಕೆ ಜಾಗ ಬದಲು. ಮೊಬೈಲಿನ ಡಬ್ಬಿ ತೆಗೆದೆ. ಮೂವರ ಗುಂಪಿಗೆ ಒಂದು ಮೊಬೈಲ್ ಮೇಜಿನ ಮೇಲೆ ಇರಬಹುದು, ಏನಾದ್ರೂ ಹುಡುಕೋಕೆ. ಕೆಳಗೆ ಇರಬಾರದು ಅಷ್ಟೇ.

ಎಲ್ಲರ ಹೆಸರು ಕಲಿತೆ. ಎರಡು ವಾರ ಹಿಡೀತು. ಯಾರಿಗಾದ್ರೂ ಏನಾದ್ರೂ ಹೇಳೋದಿದ್ರೆ ಬೆಂಚಿನ ಹತ್ತಿರ ಬಗ್ಗಿ ಮೆಲ್ಲಗೆ, ಇಲ್ಲಾ ಹೊರಗೆ ವರಾಂಡದಲ್ಲಿ. ಹೊಗಳೋದು ಮಾತ್ರ ಎಲ್ಲರೆದುರು. ಅದೂ ಸುಮ್ಮನೆ "ಗುಡ್" ಅಲ್ಲ, ಏನು ಚೆನ್ನಾಗಿದೆ ಅಂತ ಹೇಳಿ. ರಾತ್ರಿ ಎದ್ದಿದ್ದವರು ಬಾಗಿಲಲ್ಲೇ ಹೇಳಿಬಿಡಬೇಕು, ಇಪ್ಪತ್ತು ನಿಮಿಷ ಹಿಂದೆ ಮಲಗಬಹುದು, ಆಮೇಲೆ ಎಬ್ಬಿಸ್ತೀನಿ, ಕೀಬೋರ್ಡ್ ಸರದಿ ಬಿಡುವ ಹಾಗಿಲ್ಲ. ಇದನ್ನು ದುರುಪಯೋಗ ಮಾಡ್ತಾರೆ ಅಂದ್ರು ಸ್ಟಾಫ್ ರೂಮಿನಲ್ಲಿ. ಮಾಡಿದ್ರು ಕೂಡ, ಇಬ್ಬರು. ಅವರ ಪಕ್ಕದಲ್ಲಿದ್ದವರೇ "ಏಯ್, ನಿಮ್ಮನೇಲಿ ಬ್ಯಾರನ್ನೇ ಇಲ್ವಲ್ಲೋ" ಅಂತ ಎಬ್ಬಿಸಿ ಕೂರಿಸಿದ್ರು. ನಾನು ಬಾಯಿ ತೆಗೆಯಬೇಕಾಗಲಿಲ್ಲ.

ಎಕ್ಸೆಲ್ ಪಾಠ ಬ್ಯಾರನ್ನಿನಿಂದ ಶುರು ಮಾಡಿದೆ. ಮೊದಲ ಕಾಲಂ ಗಂಟೆ, ಎರಡನೇದು ಫ್ಯಾರನ್‌ಹೀಟು, ಮೂರನೇದಕ್ಕೆ ಫಾರ್ಮುಲಾ: ಮೂವತ್ತೆರಡು ಕಳೆದು, ಐದರಿಂದ ಗುಣಿಸಿ, ಒಂಬತ್ತರಿಂದ ಭಾಗಿಸಿದ್ರೆ ಸೆಲ್ಸಿಯಸ್. ನಾಲ್ಕನೇ ಕಾಲಂಗೆ ‘ಇಫ್’. ಮೊದಲೆರಡು ದಿನದಲ್ಲಿ ನೂರು ದಾಟಿದ್ರೆ "ಕಟ್ಟಿಗೆ ಎಳಿ" ಅಂತ ಬರಬೇಕು, ಇಲ್ಲದಿದ್ರೆ "ಸುಮ್ನಿರು". ಆ "ಸುಮ್ನಿರು" ಪರದೆ ಮೇಲೆ ಬಂದಾಗ ಇಡೀ ಲ್ಯಾಬು ನಕ್ಕಿತು. ಹದಿನೇಳು ಎದ್ದು ಬಂದು ನನ್ನ ಅಂಕಿಗಳನ್ನು ನೋಡಿ, "ಹಿಂಗೆ ಒಂದೇ ಸಲ ಹತ್ತತ್ತು ಏರ್ಸಿದ್ರೆ ಸೊಪ್ಪು ಕೆಡ್ತದೆ ಸಾ" ಅಂತ ತಿದ್ದಿದ. ಕ್ಲಾಸಿನೆದುರು ಮೇಷ್ಟ್ರ ತಪ್ಪು ತಿದ್ದಿದ. ನನಗೆ ಉರಿಯಲಿಲ್ಲ, ಆಶ್ಚರ್ಯ. ಮುಂದಿನ ವಾರ ಆ ಮೌನಿ ಹುಡುಗಿಯರು ಡೈರಿಗೆ ಹಾಲು ಹಾಕೋ ಪಾಸ್‌ಪುಸ್ತಕ ತಂದ್ರು. ಲೀಟರು, ಫ್ಯಾಟು, ರೇಟು, ಹದಿನೈದು ದಿನದ ಬಟವಾಡೆ. ಒಬ್ಬಳ ಲೆಕ್ಕದಲ್ಲಿ ಪಾಸ್‌ಪುಸ್ತಕದಲ್ಲಿದ್ದದ್ದಕ್ಕೂ ಕಂಪ್ಯೂಟರಿಗೂ ಹನ್ನೊಂದು ರೂಪಾಯಿ ವ್ಯತ್ಯಾಸ ಬಂತು. ಅವಳು ಅದನ್ನು ಡೈರಿಯಲ್ಲಿ ಕೇಳಿ ತಗೊಂಡಳಂತೆ! ಆಮೇಲೆ ಅವಳು ನೆಲ ನೋಡಿದ್ದನ್ನು ನಾನು ಕಾಣೆ.

ಆಗದೆ ಹೋದದ್ದೂ ಇದೆ. ಅವತ್ತು ಹದಿನೇಳರ ಜೊತೆ ಬರೋದು ಬಿಟ್ಟ ಇಬ್ಬರಲ್ಲಿ ಒಬ್ಬ ವಾಪಸ್ ಬಂದ. ಇನ್ನೊಬ್ಬ ಬರಲೇ ಇಲ್ಲ. ಬೆಂಗಳೂರಿಗೆ ಕೆಲಸಕ್ಕೆ ಹೋದ ಅಂದ್ರು. ಅವನು ಹೋದದ್ದು ನನ್ನ ಮಾತಿಗೋ, ಮನೆ ಕಷ್ಟಕ್ಕೋ, ಹೇಗೂ ಹೋಗಬೇಕಿತ್ತೋ. ನಾನು ಅವನ ಮನೆಗೆ ಹೋಗಲಿಲ್ಲ. ಒಬ್ಬನ ಮನೆಗೆ ಹೋಗಿ ಬಂದದ್ದಕ್ಕೇ ನನಗೆ ನಾನೇ ಬೆನ್ನು ತಟ್ಟಿಕೊಳ್ತಾ ಇದ್ದೆ, ಇನ್ನೊಬ್ಬನ ನೆನಪು ಬಂದಾಗ ಡಿಸೆಂಬರ್ ಆಗಿತ್ತು. ಈ ಬರಹವನ್ನು ಎರಡು ಸಲ ಅರ್ಧಕ್ಕೆ ಬಿಟ್ಟದ್ದು ಈ ಪ್ಯಾರಾಕ್ಕೆ ಬಂದಾಗಲೇ.

ಹದಿನೇಳು 2024ರಲ್ಲಿ ಪರೀಕ್ಷೆ ಬರೆದ. ಹಾಜರಿ ಶೇಕಡಾ 80ರ ಗೆರೆಯನ್ನು ಉಗುರಿನಷ್ಟು ದಾಟಿತ್ತು. ನಾನು ತಿದ್ದಿದ ಆ ಒಂದು ದಿನವೂ ಅದರೊಳಗೆ ಇತ್ತು. ಪಾಸಾದ.

*

ಮೊನ್ನೆ ಊರಿಗೆ ಹೋದಾಗ ಅಪ್ಪನ ಪಹಣಿ ತೆಗೆಸೋಕೆ ಒಂದು ಆನ್‌ಲೈನ್ ಸೆಂಟರಿಗೆ ಹೋದೆ. ಜೆರಾಕ್ಸು, ಅರ್ಜಿ, ಪಾನ್ ಕಾರ್ಡು, ಎಲ್ಲಾ ಮಾಡ್ತಾರಲ್ಲ, ಆ ಥರದ್ದು. ಕಂಪ್ಯೂಟರ್ ಹಿಂದೆ ಕೂತಿದ್ದವನು ಅವನೇ. "ಬನ್ನಿ ಸಾ, ಕುಂತ್ಕಳಿ. ನೆಟ್ ಸ್ವಲ್ಪ ನಿಧಾನ ಐತೆ" ಅಂದ. ಗೋಡೆ ಪಕ್ಕದ ಬೆಂಚಿನ ಮೇಲೆ ಕೂತೆ. ಹಿಂದಿನ ರಾತ್ರಿ ನಮ್ಮ ರಿಲೀಸ್ ಇತ್ತು, ಬೆಳಗಿನ ಜಾವ ನಾಲ್ಕರವರೆಗೆ ಕಾಲ್. ಯಾವಾಗ ಕಣ್ಣು ಮುಚ್ಚಿತೋ ಗೊತ್ತಿಲ್ಲ.

ಎಚ್ಚರ ಆದಾಗ ಅಂಗಡಿಯಲ್ಲಿ ಬೇರೆ ಗಿರಾಕಿಗಳು ಯಾರೂ ಇರಲಿಲ್ಲ. ಗೋಡೆ ಗಡಿಯಾರ ನೋಡಿದ್ರೆ ಮುಕ್ಕಾಲು ಗಂಟೆ ಆಗಿದೆ. ಪಹಣಿ ಪ್ರಿಂಟಾಗಿ, ಮಡಿಸಿ, ಕವರಿಗೆ ಹಾಕಿ ನನ್ನ ಪಕ್ಕದಲ್ಲಿ ಇಟ್ಟಿದ್ದ.

"ಎಬ್ಬಿಸಬಾರದಿತ್ತೇನೋ?" ಅಂದೆ.

"ರಾತ್ರಿ ಕೆಲ್ಸ ಇತ್ತು ಅಂತ ಕಾಣ್ತದೆ, ಮನಗ್ಲಿ ಅಂತ ಬುಟ್ಟೆ ಸಾ" ಅಂದ. ದುಡ್ಡು ಎಣಿಸಿ ಚಿಲ್ಲರೆ ಕೊಟ್ಟ.

ನಿಮ್ಮಲ್ಲಿ ಮೇಷ್ಟ್ರು, ಮೇಡಮ್ಮುಗಳು ಎಷ್ಟು ಜನ ಇದ್ದೀರೋ. ಕೊನೇ ಬೆಂಚಿನಲ್ಲಿ ಕೂತಿದ್ದವರಂತೂ ಬಹಳ ಜನ ಇದ್ದೀರಿ, ಗೊತ್ತು. ನಿಮ್ಮ ಕಥೆಗಳನ್ನೂ ಬರೀರಿ. ಅದರಲ್ಲೂ, ಎಲ್ಲರೆದುರು ಬೈಸಿಕೊಂಡ ಒಂದು ಮಾತು ಇನ್ನೂ ಒಳಗೆ ಇದ್ರೆ ಅದನ್ನೂ. ನನಗೆ ಈಗಲೂ ಒಂದು ಹುಡುಗನಿಗೆ ಫೋನ್ ಮಾಡೋದು ಬಾಕಿ ಇದೆ. ನಂಬರ್ ಸಿಕ್ಕಿದೆ. ಈ ಶನಿವಾರ ಮಾಡ್ತೀನಿ.